ಬೆಳ್ತಿಗೆ ಭಾಗ್ಯ

“ರೇಷನ್ ಅಕ್ಕಿ ಮಾರ್ತೀರಂತೆ! ಅಪರಾಧ ಅಲ್ವಾ ಮಾರಾಯ್ರೇ?” ಬಂದರು ಪೇಟೆಯ ಸಾಹುಕಾರರ ನೀತಿಪಾಠ.

“ಗಂಜಿಗೆ ಕುಚ್ಚಲಕ್ಕಿ ನೀವು ಪುಕ್ಕಟೆ ಕೊಡ್ತೀರಾ ಧಣಿ?”

ಕಾನೂನು ಸಾಹುಕಾರರ ಕಡೆಗಿದೆ, ಒಪ್ಪೋಣ. ಆದರೆ 2013ರ ಅನ್ನಭಾಗ್ಯ ಯೋಜನೆ ಕುಚ್ಚಲಕ್ಕಿ ಉಣ್ಣುವ ಮಂಗಳೂರಿಗೂ ಹೆಚ್ಚಾಗಿ ಬೆಳ್ತಿಗೆ ಎಂಬ ಬಿಳಿ ಅಕ್ಕಿಯನ್ನೇ ಅಳೆಯಿತು. 2023ರಲ್ಲಿ ಕೇಂದ್ರ ಅಕ್ಕಿ ಮಾರಲು ಒಪ್ಪದಾಗ ರಾಜ್ಯ ಹೆಚ್ಚುವರಿ 5 ಕಿಲೋ ಬದಲಿಗೆ ಕಿಲೋಗೆ 34 ರೂಪಾಯಿ ಕೊಟ್ಟಿತು. ಆ ದುಡ್ಡಿಗೆ ಪೂರಾ ಕುಚ್ಚಲಕ್ಕಿ ಬಾರದಿದ್ದರೂ ಆಯ್ಕೆ ಉಣ್ಣುವವನದಾಗಿತ್ತು. ದುಡ್ಡು ಕೊಟ್ಟರೆ ಕುಡುಕರು ಹಾಳುಮಾಡುತ್ತಾರೆಂಬ ಆಕ್ಷೇಪಕ್ಕೆ, ಮಾರಿದ ಅಕ್ಕಿಯ ದುಡ್ಡೂ ಕುಡಿತಕ್ಕೇ ಹೋದೀತು ಎನ್ನಬೇಕಷ್ಟೆ. 2025ರಲ್ಲಿ ಮತ್ತೆ ಅಕ್ಕಿಯೇ ಬಂತು.

“ಇಲ್ಲಿಯ ಭತ್ತವನ್ನೇ ಸರ್ಕಾರ ಖರೀದಿಸಲಿ!”

“ಗದ್ದೆಯೆಲ್ಲ ಅಡಿಕೆ ತೋಟ ಆಯ್ತಲ್ಲ ಧಣಿ. ಭತ್ತದ ಬೆಲೆಗೆ ಆಳಿನ ಸಂಬಳ ಹುಟ್ಟುವುದಿಲ್ಲ.”

“ಹಾಗಾದ್ರೆ ರೇಷನ್‌ನಲ್ಲಿ ಅಡಿಕೆ ಕೊಡ್ಲಿ!”

“ಕೊಡ್ಲಿ, ಊಟದ ಮೇಲೆ ಬೇಕಾಗ್ತದೆ. ಊಟ?”