ತ್ರಿಮೂರ್ತಿಗಳ ಸನ್ನಿಧಿಯಲ್ಲಿ

ಪ್ರತಿಯೊಂದು ಸೆಮಿಸ್ಟರಿನಲ್ಲಿಯೂ ಸಂಶೋಧನಾರ್ಥಿಯು ಸಲಹಾ ಸಮಿತಿಯ ಮುಂದೆ ನಿಂತು ತನ್ನ ಪ್ರಗತಿಯನ್ನು ನಿವೇದಿಸತಕ್ಕದ್ದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನಿಯಮಾವಳಿಯಲ್ಲಿ ವಿಧಿಸಿರುವುದರಿಂದ, ವಡ್ಡಾರಾಧನೆಯ 19 ಕಥೆಗಳನ್ನು ವ್ಯಾಸಂಗಕ್ಕೆತ್ತಿಕೊಂಡಿದ್ದ ನಮ್ಮ ಶಿವಣ್ಣನು, ಕರಡಿನ ಮೂರು ಪ್ರತಿಗಳನ್ನು ಎದೆಗವಚಿಕೊಂಡು, ಮಾರ್ಗದರ್ಶಕರು, ಸಹಮಾರ್ಗದರ್ಶಕರು, ವಿಷಯತಜ್ಞರು ಎಂಬ ತ್ರಿಮೂರ್ತಿಗಳ ಸನ್ನಿಧಿಯನ್ನು ಸೇರಿದನು.

ಮಾರ್ಗದರ್ಶಕರು: ಹತ್ತೊಂಬತ್ತು ಕಥೆ ಅತಿಯಾಯಿತಯ್ಯಾ, ಒಂಬತ್ತಕ್ಕೆ ಇಳಿಸು.

ಸಹಮಾರ್ಗದರ್ಶಕರು: ಗುರುಗಳ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯುಂಟು, ಆದರೆ ಹತ್ತೊಂಬತ್ತೂ ಇರಲಿ, ಜೊತೆಗೆ ಹರಿಷೇಣನ ಬೃಹತ್ಕಥಾಕೋಶದೊಡನೆ ತೌಲನಿಕ ವಿವೇಚನೆಯೂ ಇರಲಿ.

ವಿಷಯತಜ್ಞರು (ಬೋಂಡಾವನ್ನು ಚಟ್ನಿಯಲ್ಲಿ ಅದ್ದುತ್ತ): ಅದೆಲ್ಲ ಸರಿಯಪ್ಪಾ, ನಿನ್ನ ವಿಷಯ ಯಾವುದೆಂದೆ?

ಶಿವಣ್ಣ: ಹಿಂದಿನ ಸಭೆಯಲ್ಲಿ ತಾವೇ ಅನುಗ್ರಹಿಸಿದ್ದು, ಸಾರ್.

ವಿಷಯತಜ್ಞರು: ಹಾಗಾದರೆ ಬದಲಾಯಿಸುವುದು ಲೇಸು.

ಶಿವಣ್ಣ: ಆರು ವರ್ಷಗಳ ಅವಧಿಯಲ್ಲಿ ಐದು ಸಂದುಹೋದುವು, ಗುರುಗಳೇ!

ಮಾರ್ಗದರ್ಶಕರು: ಮರುನೋಂದಣಿಯ ಎರಡು ವರ್ಷವಿದೆಯಲ್ಲ! ನಮ್ಮಂಥವರನ್ನು ಕಾಣದೆಯೇ ಆಯೋಗದವರು ಅದನ್ನು ಕರುಣಿಸಿದರೆಂದು ತಿಳಿದೆಯಾ?

ಅನಂತರ ನಡವಳಿಯ ಪುಸ್ತಕದಲ್ಲಿ ‘ಪ್ರಗತಿ ತೃಪ್ತಿಕರ’ ಎಂದು ಮೂವರೂ ರುಜು ಹಾಕಿದರು. ಮೂವರಿಗೂ ಒಮ್ಮತ ಮೂಡಿದ್ದು, ನನಗೆ ತಿಳಿದಮಟ್ಟಿಗೆ, ಈ ಎರಡು ಪದಗಳಲ್ಲಿ ಮಾತ್ರವೇ.

ಸಹಮಾರ್ಗದರ್ಶಕರು (ಬಾಗಿಲವರೆಗೂ ಬಂದು, ಮೆಲ್ಲಗೆ): ನಿನ್ನ ಲೇಖನ ಅಚ್ಚಾಗುವಾಗ ನನ್ನ ಹೆಸರು ಎರಡನೆಯದೋ, ಮೂರನೆಯದೋ?