ಲಾಡಿಗೆ ಬಂದ ಬಡ್ತಿ

ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ನಮ್ಮ ಕಲಬುರಗಿಯಲ್ಲೇ. ಆ ಹೆದರಿಕೆ ಆಳಂದ ದಾಟಿ ಖಜೂರಿಗೆ ಬರಲು ಬಸ್ಸು ಬೇಕಾಗಲಿಲ್ಲ. ಬಸ್ಸುಗಳಂತೂ ಯುಗಾದಿಯ ಹೊತ್ತಿಗೇ ನಿಂತಿದ್ದವು. ಅಂಗಡಿಯಲ್ಲಿ ಮಾಸ್ಕಿಲ್ಲ. ಮನೆಯಲ್ಲಿ ಹೊಲಿದದ್ದೂ ನಡೆದೀತು ಎಂದು ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರ ಹೊಲಿಗೆ ಮಷಿನ್ನುಗಳು ಗಡಗಡಿಸಿದವು.

ಯುಗಾದಿಗೆ ಬೇಕೆಂದ ಕುಬಸವನ್ನು ನಾಗರಪಂಚಮಿಗೆ ಕೊಡುವ ಕೈಗಳೇ ಬೆಳಿಗ್ಗೆ ಕೇಳಿದ ಮಾಸ್ಕನ್ನು ಸಂಜೆಗೆ ಕೊಟ್ಟವು! ಟೇಪು ಬೇಡ, ಕೊಕ್ಕೆ ಬೇಡ, ‘ತೋಳು ಬಿಗಿ ಆಗ್ಯಾದ’ ಎಂಬ ತಕರಾರಿಲ್ಲ. ಇಲಾಸ್ಟಿಕ್ ಸಿಗದಾಗ ಲಂಗದ ಲಾಡಿಗೆ ಬಡ್ತಿ ಸಿಕ್ಕಿತು, ಸೊಂಟದಿಂದ ನೇರ ಕಿವಿಗೆ.

ತಕರಾರು ಬಂದದ್ದು ಗಂಡಸರಿಂದ. ಕಟ್ಟೆಯ ಮೇಲಿನ ಕಾಕಾ ಒಬ್ಬರು, “ತಂಬಾಕ ಉಗುಳಾಕ ಒಂದು ಕಿಂಡಿ ಬಿಡವಾ ತಂಗಿ” ಎಂದರು.

“ಕಿಂಡಿ ಬಿಟ್ರ ಅದು ಮಾಸ್ಕ್ ಅಲ್ರಿ ಕಾಕಾ, ಕಿಡಕಿ!”

ಇನ್ನೊಬ್ಬರಿಗೆ ಹೂವಿನ ಬಟ್ಟೆಯೇ ಅವಮಾನ. ಅದು ಹೆಂಡತಿಯ ಹಳೆ ಕುಬಸದ ತುಂಡು ಎಂದು ತಿಳಿದ ಮೇಲೆ ಮೂರು ಪದರಿನೊಳಗೆ ಏನೋ ಗೊಣಗಿದರು. ಪುಣ್ಯಕ್ಕೆ ಆಕೆಗೆ ಕೇಳಿಸಲಿಲ್ಲ.