ಗುರಿಗೊಂದು ಚೀಟಿ

ನಮ್ಮ ಬೀದಿಯ ಹೆಂಗಸರ ಚೀಟಿ ನಡೆಸುವವರು ಮೂಲೆಮನೆ ಅಕ್ಕ. 20 ಜನ, ತಿಂಗಳಿಗೆ ತಲಾ 1,000 ರೂಪಾಯಿ. ಐದನೇ ತಾರೀಕು ಸಂಜೆ ಹೆಸರು ಬರೆದ ಕಾಗದದ ಚೂರುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ಕೈಗೆ ಸಿಕ್ಕ ಯಾವುದಾದರೂ ಮಗುವಿನಿಂದ ಒಂದನ್ನು ಎತ್ತಿಸುತ್ತಾರೆ. ಹೆಸರು ಬಂದವರಿಗೆ ಇಡಿಗಂಟು 20,000. ಒಬ್ಬರಿಗೆ ಮಗನ ಫೀಸು, ಇನ್ನೊಬ್ಬರಿಗೆ ವಾಷಿಂಗ್ ಮಷೀನು, ಮತ್ತೊಬ್ಬರಿಗೆ ಗಂಡನಿಗೆ ಗೊತ್ತಾಗದ ಹಾಗೆ ಓಲೆಗೆ ಮುಂಗಡ. ಹೀಗೆ ಇಡೀ ಬೀದಿಯ ಆಸೆಗಳು ಸರದಿಯಲ್ಲಿ ಕೈಗೂಡುತ್ತವೆ.

ಇದನ್ನು ಕಂಡು ಹೊಟ್ಟೆಕಿಚ್ಚುಪಟ್ಟವರು ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ನಾವು ಐವರು ಗಂಡಸರು. ನಮ್ಮದು ಗುರಿ ಚೀಟಿ. ದುಡ್ಡಿನ ಬದಲು ದುಡಿಮೆಯೇ ಕಂತು: ಹೆಸರು ಬಂದವನ ಗುರಿಗಾಗಿ ಆ ತಿಂಗಳು ಉಳಿದ ನಾಲ್ವರೂ ಹೆಗಲು ಕೊಡಬೇಕು. ನಿವೃತ್ತ ಮೇಷ್ಟ್ರಿಗೆ ಕಾರು ಕಲಿಯಬೇಕು, ಬ್ಯಾಂಕಿನವನಿಗೆ ಹೊಟ್ಟೆ ಕರಗಬೇಕು, ಎಲ್‌ಐಸಿ ಏಜೆಂಟನಿಗೆ ಕೊಳಲು ಒಲಿಯಬೇಕು, ಮೆಡಿಕಲ್ ಶಾಪಿನವನಿಗೆ ಸಿಗರೇಟು ಬಿಡಬೇಕು. ನನಗೆ ಕಾದಂಬರಿ ಮುಗಿಸಬೇಕು. ಅದರ ನಾಯಕಿ ವರ್ಷಗಳಿಂದ ಒಂದೇ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಳೆ.

ಮೇಷ್ಟ್ರು ಉದ್ಘಾಟನಾ ಭಾಷಣವನ್ನೇ ಮಾಡಿದರು. “ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇರಲಿಲ್ಲವೇ? ಬೇಂದ್ರೆಯವರಿಗೆ 1973ರ ಜ್ಞಾನಪೀಠ, ಅದೇ ಗುಂಪಿನ ಗೋಕಾಕರಿಗೆ 1990ರದ್ದು. ಒಂದು ಗುಂಪಿಗೆ ಎರಡು ಜ್ಞಾನಪೀಠ ಬಂದಿರುವಾಗ ನಮ್ಮ ಗುಂಪಿಗೆ ಒಂದು ಡ್ರೈವಿಂಗ್ ಲೈಸೆನ್ಸ್ ಬರಬಾರದೇ?”

ಮೊದಲ ಚೀಟಿಯೂ ಅವರಿಗೇ ಬಂತು. ಬ್ಯಾಂಕಿನವ ಮುಂದೆ ಕೂತು “ಕ್ಲಚ್ಚು, ಸಾರ್, ಕ್ಲಚ್ಚು!” ಎಂದರೆ, ಹಿಂದಿನ ಸೀಟಿನ ಮೂವರದು ಮೂರು ದಿಕ್ಕು. ಮೇಷ್ಟ್ರು ನಡುರಸ್ತೆಯಲ್ಲೇ ಕಾರು ನಿಲ್ಲಿಸಿ, ಹಿಂದಕ್ಕೆ ತಿರುಗಿ, “ಎಲ್ಲರೂ ಬಾಯಿ ಮೇಲೆ ಬೆರಳು!” ಎಂದು ಗುಡುಗಿದರು. ಇಟ್ಟೆವು. ಆಮೇಲೆ ಕಾರು ಸಲೀಸಾಗಿ ಓಡಿತು.

ಓಡಿದ್ದು ಓಡಿಯೇ ಹೋಯಿತು. ಲೈಸೆನ್ಸ್ ಕೈಗೆ ಬಂದದ್ದೇ ತಡ, ಮೇಷ್ಟ್ರು ಬೆಂಚಿನತ್ತ ತಲೆ ಹಾಕಲಿಲ್ಲ. ಎಲ್‌ಐಸಿಯವ ಕಾನೂನು ತೆಗೆದ: “1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ಎತ್ತಿದವರು ಉಳಿದ ಕಂತುಗಳಿಗೆ ಭದ್ರತೆ ಕೊಡಬೇಕು. ಇವರಿಂದ ಏನು ಬರೆಸಿಕೊಂಡಿದ್ದೀರಿ?” ಏನೂ ಇಲ್ಲ.

ನನ್ನ ತಿಂಗಳಲ್ಲಿ ಉಳಿದ ಮೂವರೂ ಕಾದಂಬರಿ ಕೇಳಿ “ಅದ್ಭುತ” ಎಂದರು. ಆಕಳಿಸುತ್ತಲೇ ಅಂದರು. ಹಾಲಿಗೆ ಹೊರಟಿದ್ದ ಮೂಲೆಮನೆ ಅಕ್ಕ ಮಾತ್ರ ನಿಂತು ಕೇಳಿ, “ಅಲ್ಲಾ ಅಣ್ಣಾ, ಬಸ್ಸು ಬರದಿದ್ದರೆ ಆ ಹುಡುಗಿ ಆಟೋ ಹತ್ತಬಾರದಾ?” ಎಂದರು. ಹತ್ತಿದಳು. ಕತೆಯೂ ಹೊರಟಿತು.

ಆ ಧೈರ್ಯದ ಮೇಲೆ ನಮ್ಮ ಪಂಚಾಯಿತಿಯನ್ನೂ ಅವರ ಮುಂದಿಟ್ಟೆವು. “ಕಟ್ಟುವಾಗ ಎಲ್ಲರೂ ನಂಬಿಕಸ್ಥರೇ. ಎತ್ತಿದ ಮೇಲೂ ಐದನೇ ತಾರೀಕು ತಾನಾಗಿ ಬಂದು ಬಾಗಿಲು ತಟ್ಟುತ್ತಾರಲ್ಲ, ಅಂಥವರನ್ನು ನೋಡಿ ಸೇರಿಸಿಕೊಳ್ಳಬೇಕು. ಹೊಸಬರ ಹೆಸರನ್ನು ಮೊದಮೊದಲು ನಾನು ಡಬ್ಬಿಗೇ ಹಾಕಲ್ಲ,” ಎಂದರು. ನಮ್ಮ ಚೀಟಿಯನ್ನೂ ನೀವೇ ನಡೆಸಿಕೊಡಿ ಎಂದು ಕೇಳಿಕೊಂಡೆವು. ಕಮಿಷನ್ನಿಗೆ ಕಾಯ್ದೆಯಲ್ಲಿ ಶೇ. 7ರವರೆಗೆ ಅವಕಾಶವಿದೆ ಎಂದು ಎಲ್‌ಐಸಿಯವ ನೆನಪಿಸಿದ. ಅಕ್ಕ ಕೇಳಿದ್ದು ಒಂದೇ: ಕೊಳಲು ಅಭ್ಯಾಸ ಅವರ ಕಿಟಕಿಯಿಂದ ದೂರದಲ್ಲಿ ನಡೆಯಬೇಕು.

ಅವರು ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು “ಮೇಷ್ಟ್ರು, ಬಾಕಿ”. ವಸೂಲಿಗೆ ಅವರ ಮನೆಗೆ ತಾವೇ ಹೋಗಿಬಂದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಈಗ ಬೆಳಗಿನ ಐದೂವರೆಗೆ ಮೇಷ್ಟ್ರ ಕಾರು ಬ್ಯಾಂಕಿನವನ ಮನೆ ಮುಂದೆ ಹಾರನ್ ಹೊಡೆಯುತ್ತದೆ. ಅವನನ್ನು ಹತ್ತಿಸಿಕೊಂಡು ರಿಂಗ್ ರೋಡಿನವರೆಗೆ ಕರೆದೊಯ್ದು ಇಳಿಸಿ, ಕಾರು ಒಂದೇ ವಾಪಸಾಗುತ್ತದೆ. ಪರ್ಸು, ಮೊಬೈಲು ಎರಡೂ ಕಾರಿನಲ್ಲೇ.